ಎಂಜಲಿನ ಸಾಕ್ಷಿ

ಬೆಳಿಗ್ಗೆ ಎದ್ದ ಕೂಡಲೇ, ಹಲ್ಲುಜ್ಜುವ ಮೊದಲು, ಒಂದು ಗುಟುಕು ನೀರೂ ಕುಡಿಯದೆ ಉಗುಳಬೇಕು. ಉಗುಳಬೇಕಾದದ್ದು ನೆಲಕ್ಕಲ್ಲ, ಬೆರಳುದ್ದದ ಪ್ಲಾಸ್ಟಿಕ್ ಕೊಳವೆಯೊಳಕ್ಕೆ. ನೊರೆ ಲೆಕ್ಕಕ್ಕಿಲ್ಲ, ನೊರೆ ಇಳಿದ ಮೇಲೆ ಎಂಜಲು ಕೊಳವೆಯ ಕೆಂಪು ಗೆರೆ ಮುಟ್ಟಬೇಕು. ಯಶ್ಮಿತಾ ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಬಚ್ಚಲ ಕಟ್ಟೆಯ ಮೇಲೆ ಕೂತು, ತನ್ನ ಬಾಯಿಂದ ಇಳಿದದ್ದು ಕೊಳವೆಯ ಗೋಡೆಗೆ ಅಂಟಿಕೊಂಡು ಮೆಲ್ಲಗೆ ಜಾರುವುದನ್ನು ನೋಡಿದಳು. ಕೊಳವೆಯ ಮುಚ್ಚಳ ಬಿಗಿದು ಪಕ್ಕಕ್ಕಿಟ್ಟು, ಮೋರಿಗೆ ಬಗ್ಗಿ ವಾಂತಿ ಮಾಡಿದಳು.

ಬಸುರು ನಿಂತಾಗಿನಿಂದ ಅವಳಿಗೆ ಲೋಕವೇ ಹೇಸಿಗೆಯಾಗಿಬಿಟ್ಟಿತ್ತು. ಅದರ ಮೇಲೆ ಕೊರೊನಾದ ಎರಡನೆಯ ಅಲೆ. ಅಂಗಡಿಯಿಂದ ತಂದ ಬಾಳೆಹಣ್ಣಿಗೂ ಸ್ಯಾನಿಟೈಸರ್ ಹೊಡೆಯುವ ಮನೆ ಅದು. ಸಿಪ್ಪೆ ಸುಲಿದರೆ ಹಣ್ಣಿಗೆ ಆಸ್ಪತ್ರೆಯ ವಾಸನೆ. ಬಾಗಿಲ ಹಿಂದಿನ ಮೊಳೆಯಲ್ಲಿ ಗಂಡನ ಮಾಸ್ಕುಗಳು ಒಗೆಯದೆ ತೂಗುತ್ತಿದ್ದವು, ಬಾಯಿ ತಾಗುವ ಜಾಗದಲ್ಲಿ ಹಳದಿಗಟ್ಟಿ. ಟಿವಿ ಹಾಕಿದರೆ ಚಿತೆಯ ಹೊಗೆ. ಅವಳ ಬಾಯಲ್ಲೋ ಹೊತ್ತುಗೊತ್ತಿಲ್ಲದೆ ನೀರೂರುತ್ತಿತ್ತು. ನುಂಗಿದರೆ ಓಕರಿಕೆ, ಉಗುಳಲು ಎದ್ದರೆ ಅತ್ತೆಯ ಕಣ್ಣು.

ಈ ಕೊಳವೆಯ ಕೆಲಸ ಅಂಟಿಕೊಂಡದ್ದು ಆಸ್ಪತ್ರೆಯಲ್ಲಿ. ಅವಳನ್ನು ನೋಡುತ್ತಿದ್ದ ಡಾಕ್ಟರ್ ವಿನೀತ್, ಮಹಾಮಾರಿಯ ಕಾಲದಲ್ಲಿ ಬಸುರಿಯರ ಮನಸ್ಸಿನ ಒತ್ತಡ ಎಷ್ಟಿರುತ್ತದೆಂದು ಅಳೆಯುವ ಸಂಶೋಧನೆ ಹಿಡಿದಿದ್ದರು. ತಪಾಸಣೆಗೆ ಬಂದ ಬಸುರಿಯರನ್ನೆಲ್ಲ ಪ್ಲಾಸ್ಟಿಕ್ ಪರದೆಯ ಆಚೆ ಕೂರಿಸಿ ಒಂದೇ ಮಾತು ಹೇಳುತ್ತಿದ್ದರು.

“ಸ್ಟ್ರೆಸ್ ಉಂಟಾ ಅಂತ ಕೇಳಿದ್ರೆ ನೀವೆಲ್ಲ ಇಲ್ಲ ಅಂತೀರಿ. ಮನೆಯವರು ಪಕ್ಕದಲ್ಲಿ ಇರ್ತಾರಲ್ಲ. ಅದಕ್ಕೆ ನಾನು ಕೇಳುವುದೇ ಇಲ್ಲ. ನಿಮ್ಮ ಸಲೈವಾದಲ್ಲಿ ಸ್ಟ್ರೆಸ್ಸಿನ ಹಾರ್ಮೋನ್ ಇರ್ತದೆ. ನೀವು ಬಾಯಿ ಬಿಡದಿದ್ದರೂ ಅದು ಹೇಳ್ತದೆ.”

ಯಶ್ಮಿತಾ ಆ ದಿನ ಧೈರ್ಯ ಮಾಡಿ ಕೇಳಿದ್ದಳು. “ಜಾಸ್ತಿ ಬಂದ್ರೆ ಎಂತ ಮಾಡ್ತೀರಿ ಸರ್?”

“ಮನೆಯವರನ್ನು ಕೂರಿಸಿ ಮಾತಾಡ್ತೇವೆ. ತಾಯಿ ಮನೆಗೆ ಕಳಿಸಿ ಅಂತ ನಾನೇ ಹೇಳ್ತೇನೆ. ಅದಕ್ಕಿಂತ ಒಳ್ಳೆ ಮದ್ದು ಎಂತ ಉಂಟು?”

ಅಷ್ಟು ಕೇಳಿದ್ದೇ ತಡ, ಅವಳು ಕೊಳವೆಗಳ ಪೊಟ್ಟಣವನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಅವಳಿಗೆ ಬೇಕಾದದ್ದು ಅದೊಂದೇ, ತಾಯಿಯ ಮನೆ. ಕುದ್ರೋಳಿಯ ಗಂಡನ ಮನೆಯಿಂದ ತೊಕ್ಕೊಟ್ಟಿನ ತಾಯಿ ಮನೆ ಎಷ್ಟು ದೂರ? ಸೇತುವೆ ದಾಟಿದರೆ ಬಂತು. ಆದರೆ ಅದು ಈಗ ದುಬೈಗಿಂತ ದೂರವಾಗಿತ್ತು. ಮೊದಲ ಬಸುರಿಗೆ ಏಳನೆಯ ತಿಂಗಳಲ್ಲಿ ಸೀಮಂತ ಮಾಡಿ, ಮಡಿಲು ತುಂಬಿ, ತಾಯಿ ಮನೆಯವರು ಕರೆದುಕೊಂಡು ಹೋಗುವುದು ಪದ್ಧತಿ. ಜನ ಸೇರಿಸುವ ಹಾಗಿಲ್ಲವಾದ್ದರಿಂದ ಸೀಮಂತ ನಿಂತಿತು. ಸೀಮಂತವಾಗದೆ ಬಸುರಿ ತಾಯಿ ಮನೆಗೆಂದು ಹೊಸಿಲು ದಾಟುವ ಹಾಗಿಲ್ಲ ಎಂದು ಅತ್ತೆ. ಅಬುಧಾಬಿಯಿಂದ ರಜೆಗೆ ಬಂದು, ವಿಮಾನ ನಿಂತು ಸಿಕ್ಕಿಬಿದ್ದಿದ್ದ ಗಂಡ ದೀಪೇಶ್‌ಗೆ ತನ್ನ ವೀಸಾದ್ದೇ ಚಿಂತೆ. ಹೆಂಡತಿಯ ಮಾತು ಬಂದಾಗ ಮೊಬೈಲಿನಿಂದ ಕಣ್ಣೆತ್ತದೆ “ಅಮ್ಮ ಹೇಳಿದ ಹಾಗೆ” ಎಂದುಬಿಡುತ್ತಿದ್ದ. ಒಂದು ಮನೆಯಲ್ಲಿ ಮೂವರು, ಮೂವರಿಗೂ ಹೊರಗೆ ಹೋಗುವ ದಾರಿಯಿಲ್ಲ. ಇದರಲ್ಲಿ ಅವಳು ಯಾರ ಹತ್ತಿರ ಬಾಯಿ ಬಿಡಬೇಕು? ಎಂಜಲಾದರೂ ಹೇಳಲಿ ಎಂದುಕೊಂಡಳು.

ಹೇಳುವುದಾದರೆ ಚೆನ್ನಾಗಿಯೇ ಹೇಳಲಿ ಎಂದು, ಉಗುಳಬೇಕಾದ ದಿನದ ಹಿಂದಿನ ಸಂಜೆ ಅವಳು ಪರೀಕ್ಷೆಗೆ ಓದುವವಳಂತೆ ಕೂತು ಸಾವಿನ ಸುದ್ದಿ ನೋಡುತ್ತಿದ್ದಳು. ಆಮ್ಲಜನಕ ಸಿಗದೆ ಸತ್ತವರು, ಹೆರಿಗೆಯಾಗಿ ಮಗುವಿನ ಮುಖ ನೋಡದೆ ಹೋದವಳು. ಎದೆ ಹೊಡೆದುಕೊಂಡಷ್ಟೂ ಒಳ್ಳೆಯದು, ಬೆಳಿಗ್ಗೆಯ ಎಂಜಲಿಗೆ ಅಷ್ಟು ಬಲ. ಒಮ್ಮೆ ಹೊಟ್ಟೆಯೊಳಗಿನ ಮಗು ಜೋರಾಗಿ ಒದೆಯಿತು. ತಾನು ಮಾಡುತ್ತಿರುವುದು ಎಂತಹ ಹೊಲಸು ಕೆಲಸ ಎಂದು ಅವಳಿಗೆ ಥಟ್ಟನೆ ಅನಿಸಿ, ಟಿವಿ ಆರಿಸಿ, ಹೊಟ್ಟೆ ಸವರುತ್ತಾ ಕೂತಳು. ಮರುವಾರ ಮತ್ತೆ ಹಾಕಿದಳು.

ಅತ್ತೆಯ ಹೆಸರು ದೇಯಿ. ಇವಳು ಕರೆಯುವುದು ಮಾಮಿ ಎಂದು. ಒಣಗಿದ ಮೈ, ಎಲೆಯಡಿಕೆ ಹಾಕಿ ಹಾಕಿ ಕಪ್ಪಾದ ಹಲ್ಲು, ಮನೆಯ ಒಂದು ಚಮಚವೂ ತನ್ನನ್ನು ಕೇಳದೆ ಜಾಗ ಬಿಡಬಾರದು ಎನ್ನುವ ಹೆಂಗಸು. ಕೊಳವೆಯ ಡಬ್ಬಿ ಫ್ರಿಜ್ಜಿನಲ್ಲಿ ಕಂಡ ದಿನ ಅವಳು ಹಾಲಿನ ಪಾತ್ರೆಯನ್ನೇ ಹೊರಗೆ ತೆಗೆದಿಟ್ಟಳು.

“ಹಾಲಿನ ಹತ್ತಿರ ಎಂಜಲು ಇಡುವುದಾ? ನಿನ್ನ ಡಾಕ್ಟ್ರ ಮನೆಯಲ್ಲಿ ಹಾಗೆ ಇಡ್ತಾರಾ?”

“ಹೊರಗೆ ಇಟ್ರೆ ಹಾಳಾಗ್ತದೆ ಮಾಮಿ. ಡಬ್ಬಿಯೊಳಗೆ ಉಂಟಲ್ಲ, ಎಂತ ಆಗ್ತದೆ?”

“ಹೇಲನ್ನೂ ಡಬ್ಬಿಯೊಳಗೆ ಹಾಕಿ ಇಡ್ಲಿಕ್ಕೆ ಆಗ್ತದೆ. ಹಾಗಂತ ಇಡ್ತಾರಾ?”

ಈ ಮಾತಿಗೆ ಯಶ್ಮಿತಾ ಮತ್ತೊಮ್ಮೆ ಬಚ್ಚಲಿಗೆ ಓಡಬೇಕಾಯಿತು. ಆಮೇಲೆ ದೇಯಿಯೇ ಡಬ್ಬಿಗೆ ಮೂರು ಪ್ಲಾಸ್ಟಿಕ್ ಚೀಲ ಸುತ್ತಿ, ಮೇಲಿನ ಐಸಿನ ಖಾನೆಯ ಮೂಲೆಗೆ ತಳ್ಳಿ, ಕೈಗೆ ಸೋಪು ಹಾಕಿ ಮೊಣಕೈವರೆಗೆ ತಿಕ್ಕಿ ತೊಳೆದಳು. ತೊಳೆಯುತ್ತಾ ಕೇಳಿದಳು.

“ಇದನ್ನು ಎಲ್ಲಿಗೆ ಕೊಂಡುಹೋಗುವುದು?”

“ಬೆಂಗಳೂರಿಗೆ. ಅಲ್ಲಿ ಮೆಷಿನ್ ಉಂಟಂತೆ.”

“ಬಸುರಿಯ ಎಂಜಲು ಘಟ್ಟ ಹತ್ತಿ ಹೋಗುವುದಾ?” ದೇಯಿಯ ಕೈ ನಲ್ಲಿಯ ಕೆಳಗೇ ನಿಂತಿತು. “ಅಲ್ಲಿ ಯಾರ್ಯಾರ ಕೈಗೆ ಸಿಗ್ತದೋ.”

ತಮಾಷೆಯೆಂದರೆ, ಎಂಜಲು ಎಂದರೆ ಮಾರು ದೂರ ಹಾರುವ ಈ ದೇಯಿಗೂ ಸೊಸೆಯ ಎಂಜಲು ಬೇಕೇ ಬೇಕು. ಪ್ರತಿ ಮಂಗಳವಾರ ಮುಸ್ಸಂಜೆ ಅವಳು ಉಪ್ಪು, ಒಣಮೆಣಸು, ಸಾಸಿವೆ ಮುಷ್ಟಿಯಲ್ಲಿ ಹಿಡಿದು ಸೊಸೆಯ ತಲೆಯಿಂದ ಕಾಲಿನವರೆಗೆ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದಳು. ಕೊನೆಗೆ ಮುಷ್ಟಿ ತೆರೆದು ಬಾಯಿಯ ಮುಂದೆ ಹಿಡಿದು, “ಮೂರು ಸಲ ಉಗುಳು” ಎನ್ನುವಳು. ಯಶ್ಮಿತಾ ಥೂ ಥೂ ಥೂ ಎನ್ನಬೇಕು. ಆಮೇಲೆ ಅದು ಬಚ್ಚಲ ಒಲೆಗೆ. ಮೆಣಸು ಸುಟ್ಟು ಘಾಟು ಬಂದು ಕೆಮ್ಮು ಹತ್ತಿದರೆ ಪರವಾಗಿಲ್ಲ, ಘಾಟು ಬಾರದಿದ್ದರೆ ದೃಷ್ಟಿ ಜೋರಾಗಿದೆಯೆಂದು ಲೆಕ್ಕ. ದೇಯಿ ಒಲೆಗೆ ಮುಖವಿಟ್ಟು ಮೂಗರಳಿಸಿ ನೋಡಿ, “ಘಾಟೇ ಇಲ್ಲ ನೋಡು. ನಿನ್ನ ಒಳಗೆ ಎಷ್ಟು ಕೂತಿದೆ ಅಂತ ಮೆಣಸು ಹೇಳ್ತದೆ” ಎನ್ನುತ್ತಿದ್ದಳು. ಒಳಗೆ ಕೂತದ್ದು ಏನು ಎಂದು ಸೊಸೆಯನ್ನು ಒಂದು ದಿನವೂ ಕೇಳಿದವಳಲ್ಲ.

ಕೊಳವೆ ಒಯ್ಯಲು ಬರುತ್ತಿದ್ದವಳು ಮೆರ್ಲಿನ್, ಜೆಪ್ಪುವಿನ ಹುಡುಗಿ, ನರ್ಸಿಂಗ್ ಮುಗಿಸಿ ಈ ಸಂಶೋಧನೆಯ ಕೆಲಸಕ್ಕೆ ಸೇರಿದವಳು. ತಲೆಯಿಂದ ಕಾಲಿನವರೆಗೆ ನೀಲಿ ಕಿಟ್, ಮುಖಕ್ಕೆ ಗಾಜಿನಂಥ ಶೀಲ್ಡ್, ಕೈಯಲ್ಲಿ ಐಸ್ ಪೆಟ್ಟಿಗೆ. ಮೊದಲ ಸಲ ಅವಳು ಗೇಟು ದಾಟಿದಾಗ ಪಕ್ಕದ ಮನೆಯ ಪಾತುಮ್ಮ ಮಾಡಿನ ಕೆಳಗಿನಿಂದಲೇ “ದೇಯಿಯಕ್ಕಾ, ನಿಮ್ಮಲ್ಲಿಗೂ ಬಂತಾ?” ಎಂದು ಕೂಗಿ ಕೇಳಿದ್ದಳು. ಅಂದಿನಿಂದ ದೇಯಿ ಮೆರ್ಲಿನ್‌ಳನ್ನು ಹಿತ್ತಿಲ ಬಾಗಿಲಿಗೆ ಬರಹೇಳಿದಳು.

ಮೆರ್ಲಿನ್ ಒಳ್ಳೆಯ ಹುಡುಗಿ. ಒಳ್ಳೆಯವರಿಗೂ ಹೊತ್ತಿರುವುದಿಲ್ಲ. ಒಮ್ಮೆ ಅತ್ತೆ ಒಳಗಿದ್ದಾಗ ಯಶ್ಮಿತಾ ತಗ್ಗಿದ ದನಿಯಲ್ಲಿ, “ಸಿಸ್ಟರ್, ನನಗೆ ಇಲ್ಲಿ ಆಗುವುದಿಲ್ಲ. ಉಸಿರು ಕಟ್ಟಿದ ಹಾಗೆ ಆಗ್ತದೆ” ಎಂದಳು. ಮೆರ್ಲಿನ್ ಚಿಮುಟದಿಂದ ಕೊಳವೆಯನ್ನು ಎತ್ತಿ ಪೆಟ್ಟಿಗೆಗೆ ಇಳಿಸುತ್ತಿದ್ದಳು.

“ಅದೆಲ್ಲ ಇದರಲ್ಲೇ ಬರ್ತದೆ ಮೇಡಂ, ಟೆನ್ಶನ್ ಮಾಡ್ಬೇಡಿ” ಎಂದು ಶೀಲ್ಡಿನ ಹಿಂದಿನಿಂದ ನಕ್ಕಳು. “ಇನ್ನೂ ಐದು ಮನೆ ಉಂಟು ನನಗೆ. ಮಾತಾಡುವಾ ಒಮ್ಮೆ.”

ಆ ‘ಒಮ್ಮೆ’ ಬರಲಿಲ್ಲ. ವರದಿ ಬಂತು. ಗಂಡನನ್ನೂ ಕರೆದುಕೊಂಡು ಬರಬೇಕೆಂದು ಆಸ್ಪತ್ರೆಯಿಂದ ಫೋನು ಬಂದಾಗ ಯಶ್ಮಿತಾ ಅಡುಗೆಮನೆಯಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಜಾಸ್ತಿ ಬಂದಿದೆ, ಇಲ್ಲದಿದ್ದರೆ ಗಂಡನನ್ನು ಯಾಕೆ ಕರೆಯುತ್ತಾರೆ? ಯಾರಿಗೂ ಕಾಣದಂತೆ ನಾಲ್ಕು ಸೀರೆ, ಎರಡು ನೈಟಿ ಚೀಲಕ್ಕೆ ಹಾಕಿ ಮಂಚದಡಿಗೆ ತಳ್ಳಿದಳು. ತಾಯಿಗೆ ಫೋನು ಮಾಡಿ, “ಅಮ್ಮ, ಮಂಚದ ಮೇಲಿನ ಸಾಮಾನು ತೆಗೆದಿಡು” ಎಂದಳು.

ಡಾಕ್ಟರ್ ವಿನೀತ್ ಅಂದು ಪರದೆಯ ಆಚೆ ಗಂಭೀರವಾಗಿ ಕೂತಿದ್ದರು. ಮಾತಾಡಿದ್ದು ಅವಳೊಂದಿಗಲ್ಲ, ದೀಪೇಶನೊಂದಿಗೆ.

“ನಿಮ್ಮ ಮಿಸೆಸ್ ತಂಬಾಕು ಬಳಸ್ತಾರೆ ಅಂತ ನಿಮಗೆ ಗೊತ್ತುಂಟಾ?”

ಯಶ್ಮಿತಾಗೆ ಮೊದಲು ಅರ್ಥವೇ ಆಗಲಿಲ್ಲ. ಹಿಂದೆ ಬೇರೆ ಯಾರಾದರೂ ಕೂತಿದ್ದಾರೆಯೇ ಎಂದು ತಿರುಗಿ ನೋಡಿದಳು.

“ನಾನಾ? ಸರ್, ನನಗೆ ಟೂತ್‌ಪೇಸ್ಟಿನ ವಾಸನೆಗೇ ವಾಂತಿ ಬರ್ತದೆ.”

“ನೋಡಿಯಮ್ಮ, ನೀವು ಹೇಳದಿದ್ದರೂ ಸಲೈವಾ ಹೇಳ್ತದೆ ಅಂತ ನಾನು ಅವತ್ತೇ ಹೇಳಿದ್ದೆ. ಅದು ಸುಳ್ಳು ಹೇಳುವುದಿಲ್ಲ.” ಅವರು ಮತ್ತೆ ದೀಪೇಶನತ್ತ ತಿರುಗಿದರು. “ಸಿಗರೇಟು ಅಂತ ಅಲ್ಲ. ಬಾಯಿಗೆ ಹಾಕುವ ಅಭ್ಯಾಸ ಇರ್ಬಹುದು. ಇವರ ತಾಯಿ ಎಂತ ಮಾಡ್ತಾರೆ?”

“ಬೀಡಿ ಕಟ್ತಾರೆ ಸರ್” ಎಂದ ದೀಪೇಶ್. ಎಂದೂ ಹೆಂಡತಿಯ ತಾಯಿಯ ಸುದ್ದಿ ಎತ್ತದವನು ಎಷ್ಟು ಬೇಗ ಎತ್ತಿದ! ಗಂಡಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೊತ್ತಾಯಿತು ಎನ್ನುವ ನೋಟ.

“ಬೀಡಿಗೆ ಎಲೆ ಕೊಡುವ ಬ್ರಾಂಚ್ ಬಂದ್ ಆಗಿ ಎಷ್ಟು ಕಾಲ ಆಯ್ತು ಸರ್” ಎಂದಳು ಯಶ್ಮಿತಾ. “ಮನೆಯಲ್ಲಿ ಈಗ ಎಲೆಯೂ ಇಲ್ಲ, ಹೊಗೆಸೊಪ್ಪೂ ಇಲ್ಲ. ನಾನು ಆ ಮನೆಗೆ ಹೋಗದೆಯೇ ತಿಂಗಳುಗಟ್ಟಲೆ ಆಯ್ತು.”

“ಅದರ ಮಧ್ಯದಲ್ಲೇ ಬೆಳೆದವರಲ್ವಾ? ನಾಚಿಕೆ ಎಂತದಕ್ಕೆ, ಒಪ್ಪಿಕೊಂಡ್ರೆ ಬಿಡಿಸ್ಬಹುದು.” ಡಾಕ್ಟರ ದನಿಯಲ್ಲಿ ಈಗ ದಯೆ ಬೇರೆ ಬಂದಿತ್ತು. ಆ ದಯೆ ಅವಳಿಗೆ ಕೊಳವೆಯ ನೊರೆಗಿಂತ ಅಸಹ್ಯವಾಯಿತು. “ದೀಪೇಶ್, ಹೆರಿಗೆವರೆಗೆ ಆ ಮನೆಗೆ ಕಳಿಸುವುದು ಬೇಡ. ನಿಮ್ಮ ತಾಯಿ ನೋಡಿಕೊಳ್ಳಲಿ.”

“ಸ್ಟ್ರೆಸ್ ಎಷ್ಟು ಬಂತು ಸರ್?” ಯಶ್ಮಿತಾ ಕೇಳಿದಳು. ಸದಾ ನೀರೂರುವ ಬಾಯಿ ಅಂದು ಮಾತ್ರ ಒಣಗಿತ್ತು.

“ತಂಬಾಕು ಸಿಕ್ಕಿದ ಸ್ಯಾಂಪಲ್ ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ತೆಗೆದುಬಿಟ್ಟಿದ್ದೇವೆ. ಮೆರ್ಲಿನ್ ಬರ್ತಾಳೆ, ಇನ್ನೊಮ್ಮೆ ಅವಳ ಎದುರಿನಲ್ಲೇ ಕೊಡಿ. ಕ್ಲೀನ್ ಬಂದ್ರೆ ನೀವು ಬಿಟ್ಟಿದ್ದೀರಿ ಅಂತ ನನಗೂ ಸಮಾಧಾನ.”

ಅಂದರೆ ಮುಂದೆ ಅವಳು ಎಷ್ಟು ಶುದ್ಧವಾಗಿ ಉಗುಳಿದರೂ, ಕೆಟ್ಟ ಚಟ ಬಿಟ್ಟಳು ಎಂದೇ ಆಗುವುದು. ಚಟವೇ ಇರಲಿಲ್ಲ ಎಂದು ಹೇಳುವ ಎಂಜಲು ಲೋಕದಲ್ಲಿಲ್ಲ.

ದೀಪೇಶ್ ಮನೆಗೆ ಬಂದು ಕೋಣೆಯ ಬಾಗಿಲು ಹಾಕಿ, “ಬಾಯಿ ತೆಗೆ” ಎಂದ. ಅವಳಿಗೆ ಕೇಳಿದ್ದು ನಿಜವೋ ಎನಿಸಿತು. ಅವನು ಮುಖ ತಂದು, ಮೂಗು ಒಡ್ಡಿ, ಮಾರುಕಟ್ಟೆಯಲ್ಲಿ ಮೀನಿನ ಕಿವಿರು ಎತ್ತಿ ಮೂಸುವ ಹಾಗೆ ಅವಳ ಬಾಯಿಯನ್ನು ಮೂಸಿದ. ಅವಳು ತಡೆದುಕೊಳ್ಳಲಿಲ್ಲ, ತಡೆಯಬೇಕೆಂದೂ ಅನಿಸಲಿಲ್ಲ. ಅವನ ಅಂಗಿಯ ಮೇಲೆಯೇ ವಾಂತಿಯಾಯಿತು.

ಸುದ್ದಿ ಕೇಳಿದ ದೇಯಿ ಸೊಸೆಯನ್ನು ಬೈಯುತ್ತಾಳೆ ಎಂದು ಮಗ ಕಾದ. ದೇಯಿ ಬೈಯಲಿಲ್ಲ. ಬಾಯಲ್ಲಿದ್ದದ್ದನ್ನು ಅಗಿಯುವುದು ನಿಲ್ಲಿಸಿದಳು. ಸೊಂಟದ ಎಲೆಯಡಿಕೆಯ ಸಂಚಿಯನ್ನು ಸೆರಗಿನಿಂದ ಮುಚ್ಚಿಕೊಂಡು, ಬಟ್ಟೆ ಒಗೆಯುವ ನೆಪ ಮಾಡಿ ಹಿತ್ತಿಲಿಗೆ ಹೋದಳು. ಯಶ್ಮಿತಾ ಆ ಸಂಚಿಯನ್ನು ಮದುವೆಯಾದಾಗಿನಿಂದ ನೋಡುತ್ತಿದ್ದಳು, ಆದರೆ ಅಂದು ಕಂಡ ಹಾಗೆ ಎಂದೂ ಕಂಡಿರಲಿಲ್ಲ. ಎಲೆ, ಅಡಿಕೆ, ಸುಣ್ಣ, ಮತ್ತೆ ಕಡ್ಡಿಯಂತೆ ಹುರಿ ಮಾಡಿಟ್ಟ ಹೊಗೆಸೊಪ್ಪು.

ಒಗೆಯುವ ಕಲ್ಲಿನ ಹತ್ತಿರ ಅವಳು ಅತ್ತೆಯನ್ನು ಹಿಡಿದಳು.

“ಮಾಮಿ, ಈ ಮನೆಯಲ್ಲಿ ಹೊಗೆಸೊಪ್ಪು ಹಾಕುವುದು ಯಾರು?”

ದೇಯಿ ಒದ್ದೆ ಲುಂಗಿ ಹಿಂಡುತ್ತಲೇ ಇದ್ದಳು. ಹಿಂಡಲು ನೀರು ಉಳಿಯದಾದಾಗ ಕಲ್ಲಿನ ಮೇಲೆ ಕೂತಳು.

“ನಾನು ಬಾಯಿ ಚೆನ್ನಾಗಿ ತೊಳೆದುಕೊಂಡೇ ಉಗುಳಿದ್ದು” ಎಂದಳು. “ಉಪ್ಪು ಹಾಕಿ ತೊಳೆದಿದ್ದೆ. ಅದೆಲ್ಲಾ ಗೊತ್ತಾಗ್ತದೆ ಅಂತ ನನಗೆ ಎಂತ ಗೊತ್ತು?”

“ನೀವು ಯಾಕೆ ಉಗುಳಿದ್ದು?”

“ನಿನ್ನದನ್ನು ಕಳಿಸ್ಲಿಕ್ಕೆ ಆಗ್ತದಾ? ಬಸುರಿಯ ಎಂಜಲು, ಕೂದಲು, ಉಗುರು ಹೊರಗಿನವರ ಕೈಗೆ ಹೋದ್ರೆ ಮಾಟ ಮಾಡ್ಲಿಕ್ಕೆ ಅಷ್ಟೇ ಸಾಕು. ದೀಪೇಶನಿಗಿಂತ ಮೊದಲು ನನಗೊಂದು ಇತ್ತು. ಹೊಟ್ಟೆಯಲ್ಲೇ ಹೋಯ್ತು. ನನ್ನ ಬಾಚಣಿಗೆಯ ಕೂದಲು ಯಾರೋ ತೆಗೆದದ್ದು ಅಂತ ಆಮೇಲೆ ಗೊತ್ತಾಯ್ತು. ಈ ಸೊಪ್ಪು ಬಾಯಿಗೆ ಬಿದ್ದದ್ದೂ ಆಗಲೇ.” ಅವಳು ತೆಂಗಿನ ಮರದ ಕಡೆ ಕೈ ತೋರಿಸಿದಳು. “ನೀನು ಸ್ನಾನಕ್ಕೆ ಹೋದಾಗ ನಿನ್ನದನ್ನೆಲ್ಲ ಆ ಬುಡಕ್ಕೆ ಹೊಯ್ದು ಮಣ್ಣು ಮುಚ್ಚಿದೆ. ಕೊಳವೆಯನ್ನು ಬಿಸಿನೀರಿನಲ್ಲಿ ತೊಳೆದು ನನ್ನದು ತುಂಬಿಸಿದೆ. ಮಾಟ ತಾಗಿದ್ರೆ ನನಗೆ ತಾಗಲಿ. ನನಗೆ ಇನ್ನು ಎಂತ ಆಗ್ಲಿಕ್ಕುಂಟು?”

ಎಂಜಲಿನ ಹೆಸರೆತ್ತಿದರೆ ಮೊಣಕೈವರೆಗೆ ತೊಳೆಯುವವಳು, ಸೊಸೆಯ ಎಂಜಲಿನ ಕೊಳವೆಯನ್ನು ಬರಿಗೈಯಲ್ಲಿ ಖಾಲಿ ಮಾಡಿದ್ದಳು. ಯಶ್ಮಿತಾಗೆ ಒಂದು ಕ್ಷಣ ನಗು ಬಂತು, ಅಳುವೂ ಬಂತು. ಈ ಹೆಂಗಸಿನ ಮಡಿಲಲ್ಲಿ ತಲೆಯಿಡಬಹುದಿತ್ತು ಎಂದೂ ಅನಿಸಿತು. ಅತ್ತೆಯ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು ಮೆಲ್ಲನೆ ಹೇಳಿದಳು.

“ಆಯ್ತು ಮಾಮಿ, ನನಗೆ ಸಿಟ್ಟಿಲ್ಲ. ಡಾಕ್ಟ್ರಿಗೆ ಒಂದು ಮಾತು ಹೇಳಿಬಿಡಿ. ಇವರಿಗೂ ಹೇಳಿ.”

ದೇಯಿ ತಟಕ್ಕನೆ ಎದ್ದು ನಿಂತಳು. “ಹುಚ್ಚಾ ನಿನಗೆ? ಈ ಪ್ರಾಯದಲ್ಲಿ ನಾನು ಡಾಕ್ಟ್ರ ಎದುರು ಹೋಗಿ ಎಂಜಲು ಬದಲಿಸಿದೆ ಅಂತ ಹೇಳುವುದಾ? ನನ್ನ ಮರ್ಯಾದೆ ಎಂತ ಆಗ್ಬೇಕು?”

“ನನ್ನದು? ನನ್ನ ಅಮ್ಮನದು?”

“ನಿನ್ನದು ನಾಲ್ಕು ದಿನದ ಮಾತು. ಮಗು ಕೈಗೆ ಬಂದ ಮೇಲೆ ಯಾರಿಗೆ ನೆನಪಿರ್ತದೆ? ಮತ್ತೆ, ಇಲ್ಲೇ ಇದ್ರೆ ಎಂತ ಕಡಿಮೆ ಆಗ್ತದೆ ನಿನಗೆ? ನಾನು ನೋಡಿಕೊಳ್ಳುವುದಿಲ್ವಾ?” ದೇಯಿ ಬಟ್ಟೆಯ ಬಕೆಟ್ಟು ಎತ್ತಿಕೊಂಡಳು. “ಮಾಟಕ್ಕೆ ನನ್ನ ಜೀವ ಕೊಟ್ಟೆ. ಮರ್ಯಾದೆ ಕೊಡ್ಲಿಕ್ಕೆ ಆಗುವುದಿಲ್ಲ.”

ಆ ಕ್ಷಣದ ಅಳು ಯಶ್ಮಿತಾಳ ಕಣ್ಣಿನಲ್ಲೇ ಇಂಗಿಹೋಯಿತು. ಒಲೆಯ ಮೆಣಸು, ಬೆಂಗಳೂರಿನ ಮೆಷಿನ್ನು, ಎರಡೂ ಒಂದೇ ಎಂದು ಅವಳಿಗೆ ಕಂಡಿತು. ಎಲ್ಲರಿಗೂ ಅವಳ ಎಂಜಲು ಬೇಕು, ಯಾರಿಗೂ ಅವಳ ಮಾತು ಬೇಡ. ಅವಳಿಗೆ ಈ ಮನೆಯ ಮೇಲೆ, ಆ ಆಸ್ಪತ್ರೆಯ ಮೇಲೆ, ಕೊಳವೆಯೊಂದನ್ನು ನಂಬಿ ಬಾಯಿ ಮುಚ್ಚಿ ಕೂತ ತನ್ನ ಮೇಲೆಯೂ ಮೈ ಉರಿಯುವಷ್ಟು ಹೇಸಿಗೆ ಹುಟ್ಟಿತು.

ಮಂಗಳವಾರ ಬಂತು. ಮುಸ್ಸಂಜೆಗೆ ದೇಯಿ ಎಂದಿನಂತೆ ಉಪ್ಪು, ಮೆಣಸು, ಸಾಸಿವೆ ಹಿಡಿದು ಬಂದಳು. ದೀಪೇಶ್ ಸೋಫಾದಲ್ಲಿ ಮಲಗಿ ಮೊಬೈಲಿನಲ್ಲಿ ವಿಮಾನದ ಸುದ್ದಿ ನೋಡುತ್ತಿದ್ದ. ಯಶ್ಮಿತಾಳನ್ನು ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿ ದೇಯಿ ನಿವಾಳಿಸಿದಳು. ಊರಿನ ಕಣ್ಣು, ಕೇರಿಯ ಕಣ್ಣು, ಬಂದವರ ಕಣ್ಣು, ಹೋದವರ ಕಣ್ಣು ಎಂದು ಗೊಣಗಿ ಮುಷ್ಟಿಯನ್ನು ಅವಳ ಬಾಯಿಯ ಮುಂದೆ ಹಿಡಿದಳು.

“ಉಗುಳು.”

ಯಶ್ಮಿತಾ ತುಟಿ ಬಿಚ್ಚಲಿಲ್ಲ.

“ಉಗುಳು ಅಂದೆ. ದೀಪ ಹಚ್ಚುವ ಹೊತ್ತಾಯ್ತು.”

“ನೀವೇ ಉಗುಳಿ ಮಾಮಿ” ಎಂದಳು ಯಶ್ಮಿತಾ. ದನಿ ಏರಿಸಲಿಲ್ಲ, ಸೋಫಾದವರೆಗೆ ಮುಟ್ಟುವಷ್ಟು ಮಾತ್ರ ಹೇಳಿದಳು. “ನನ್ನ ಹೆಸರಿನಲ್ಲಿ ಉಗುಳಿ ನಿಮಗೆ ಅಭ್ಯಾಸ ಉಂಟಲ್ಲ.”

ದೇಯಿಯ ಬೆರಳುಗಳ ಸಂದಿಯಿಂದ ಸಾಸಿವೆ ನೆಲಕ್ಕೆ ಉದುರಿತು. ದೀಪೇಶ್ ಎದ್ದು ಕೂತ.

“ಎಂತ ಹೇಳ್ತಾ ಇದ್ದಾಳೆ ಅಮ್ಮ ಇವಳು?”

ಯಶ್ಮಿತಾಳೇ ಹೇಳಿದಳು. ಫ್ರಿಜ್ಜು, ತೆಂಗಿನ ಬುಡ, ಬಿಸಿನೀರು, ಹೊಗೆಸೊಪ್ಪು, ಒಂದನ್ನೂ ಬಿಡದೆ ಹೇಳಿದಳು. ಹೇಳುವಾಗ ಹೊಟ್ಟೆಯಲ್ಲೇ ಹೋದ ಅತ್ತೆಯ ಮಗುವಿನ ಸುದ್ದಿ ಮಾತ್ರ ಎತ್ತಲಿಲ್ಲ, ಅದು ತನ್ನದಲ್ಲ ಎಂದು. ದೀಪೇಶ್ ತಾಯಿಯ ಮುಖ ನೋಡಿದ. ಅಲ್ಲಿ ಇದ್ದದ್ದು ಅವನಿಗೆ ಕಂಡಿತು. ಸತ್ಯ ಗೊತ್ತಾದ ಮೇಲೆ ಮನುಷ್ಯ ಒಂದು ಮಾತಾದರೂ ಆಡುತ್ತಾನೆ ಎಂದು ಯಶ್ಮಿತಾ ಕಾದಳು. ನಿಜಕ್ಕೂ ಕಾದಳು. ಅವನು ‘ಛೆ’ ಎಂದಿದ್ದರೂ ಅವಳು ನಿಂತುಬಿಡುತ್ತಿದ್ದಳೋ ಏನೋ.

“ಈಗ ಡಾಕ್ಟ್ರಿಗೆ ಹೇಗೆ ಹೇಳುವುದು?” ಎಂದ ಅವನು, ತಲೆ ಕೆರೆಯುತ್ತಾ. “ಅಮ್ಮನ ಮರ್ಯಾದೆ ಹೋಗ್ತದೆ. ಹೇಗೂ ನಿನ್ನ ಹೆಸರಿನಲ್ಲಿ ಆಗಿದೆಯಲ್ಲ, ಹಾಗೇ ಇರ್ಲಿ ಮಾರಾಯ್ತಿ. ಅವರು ಯಾರಿಗೂ ಹೇಳುವುದಿಲ್ಲ.”

ಥೂ! ಮೋರಿಯ ನಾತ, ಮಾಸ್ಕಿನ ಹಳದಿ, ಕೊಳವೆಯ ನೊರೆ, ಇಷ್ಟು ತಿಂಗಳಲ್ಲಿ ಅವಳಿಗೆ ಓಕರಿಕೆ ತರಿಸಿದ್ದನ್ನೆಲ್ಲ ಒಂದು ಬಟ್ಟಲಿಗೆ ಹಾಕಿದರೂ ಈ ಮಾತಿನಷ್ಟು ಗಬ್ಬು ಬಾರದು. ಆದರೆ ವಿಚಿತ್ರವೆಂದರೆ ವಾಂತಿ ಬರಲಿಲ್ಲ. ಅವಳು ಕೋಣೆಗೆ ಹೋಗಿ ಮಂಚದಡಿಯಿಂದ ಚೀಲ ಎಳೆದಳು. ಅದನ್ನು ಅವಳು ಬಿಚ್ಚಿಯೇ ಇರಲಿಲ್ಲ.

“ಎಲ್ಲಿಗೆ?” ದೀಪೇಶ್ ಬಾಗಿಲಿಗೆ ಬಂದ. “ಕರ್ಫ್ಯೂ ಶುರುವಾಗ್ತದೆ ಈಗ. ಡ್ರಾಮಾ ಮಾಡ್ಬೇಡ.”

“ದಾರಿ ಬಿಡಿ. ಇಲ್ಲದಿದ್ರೆ ಪಾತುಮ್ಮನಿಗೆ ಕೇಳುವ ಹಾಗೆ ಇನ್ನೊಮ್ಮೆ ಎಲ್ಲ ಹೇಳ್ತೇನೆ.”

ಅವನು ದಾರಿ ಬಿಟ್ಟ. ಮರ್ಯಾದೆಯ ಮನೆಯಲ್ಲಿ ಅಷ್ಟಾದರೂ ಲಾಭವಿದೆ. ಸೀಮಂತವಾಗದ ಬಸುರಿ ತಾನೇ ಚೀಲ ಹಿಡಿದುಕೊಂಡು ಹೊಸಿಲು ದಾಟಿದಳು. ಮಡಿಲಿಗೆ ಒಂದು ತೆಂಗಿನಕಾಯಿ ಹಾಕುವವರಿಲ್ಲ. ರಸ್ತೆಯ ತುದಿಯಲ್ಲಿ ನಿಂತ ಒಂದೇ ಆಟೋದವನನ್ನು ಕರೆದು ಹತ್ತುವಾಗ ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿತು. ದೇಯಿ ಓಡಿ ಬಂದಿದ್ದಳು, ಮಾಸ್ಕಿಲ್ಲ, ಸೆರಗು ನೆಲದಲ್ಲಿ. ತಡೆಯಲು ಬಂದದ್ದೆಂದು ಯಶ್ಮಿತಾ ಆಟೋದ ಸರಳನ್ನು ಬಿಗಿಯಾಗಿ ಹಿಡಿದಳು. ದೇಯಿ ತಡೆಯಲಿಲ್ಲ. ಮುಷ್ಟಿಯಲ್ಲಿ ಉಳಿದಿದ್ದ ಉಪ್ಪು ಮೆಣಸನ್ನು ಸೊಸೆಯ ಸುತ್ತ, ಆಟೋದ ಸುತ್ತ ಮತ್ತೆ ನಿವಾಳಿಸಿ, ಅದಕ್ಕೆ ತಾನೇ ಮೂರು ಸಲ ಉಗುಳಿದಳು. ಕೆಂಪಗೆ, ಹೊಗೆಸೊಪ್ಪಿನ ವಾಸನೆಯ ಎಂಜಲು.

“ಮೆಲ್ಲ ಹೋಗು ಮಾರಾಯ” ಎಂದಳು ಆಟೋದವನಿಗೆ. “ಹಂಪ್ ಉಂಟು ಅಲ್ಲಲ್ಲಿ. ಬಸುರಿ ಅವಳು.”

ಸೊಸೆಯ ಮುಖ ನೋಡಲಿಲ್ಲ. ಡಾಕ್ಟರಿಗೆ ಹೇಳುತ್ತೇನೆ ಎಂದೂ ಅನ್ನಲಿಲ್ಲ. ಯಶ್ಮಿತಾಗೆ ಅವಳನ್ನು ಕ್ಷಮಿಸಲೂ ಆಗಲಿಲ್ಲ, ಆ ಕೆಂಪು ಎಂಜಲನ್ನು ಕಂಡು ಹೇಸಲೂ ಆಗಲಿಲ್ಲ. ಆಟೋ ಹೊರಟಿತು.

ತೊಕ್ಕೊಟ್ಟಿನ ಮನೆಯ ಜಗಲಿಯಲ್ಲಿ ತಾಯಿ ಒಣಮೀನಿನ ತಲೆ ಮುರಿಯುತ್ತಾ ಕೂತಿದ್ದಳು. ಬೀಡಿ ಕಟ್ಟುವ ಗೆರಸೆ ಗೋಡೆಗೆ ಒರಗಿತ್ತು, ಅದರ ಮೇಲೆ ಧೂಳು. ಹೇಳದೆ ಕೇಳದೆ ಬಂದ ಮಗಳನ್ನು, ಅವಳ ಹೊಟ್ಟೆಯನ್ನು, ಕೈಯ ಚೀಲವನ್ನು ನೋಡಿ ತಾಯಿ ಮೀನು ಬಿಟ್ಟು ಎದ್ದಳು. ಯಶ್ಮಿತಾಗೆ ಅಷ್ಟು ಹೊತ್ತು ತಡೆದದ್ದು ಅಲ್ಲೇ ಬಂತು. ಮೆಟ್ಟಿಲಿನ ಮೇಲೆ ಕೂತು, ಮಾಸ್ಕು ಕಿತ್ತು, ಅಂಗಳಕ್ಕೆ ಬಗ್ಗಿ ಕರುಳು ಬಾಯಿಗೆ ಬರುವಂತೆ ವಾಂತಿ ಮಾಡಿದಳು.

ತಾಯಿ ಅವಳ ಹಣೆ ಹಿಡಿದುಕೊಂಡಳು. ಆದ ಮೇಲೆ ಚೊಂಬು ಹುಡುಕಲಿಲ್ಲ, ಬಟ್ಟೆ ಹುಡುಕಲಿಲ್ಲ. ಮಗಳ ಗಲ್ಲಕ್ಕೆ ಇಳಿದ ಎಂಜಲನ್ನು ಬರಿಯ ಅಂಗೈಯಿಂದ ಒರೆಸಿ, ಆ ಕೈಯನ್ನು ತನ್ನ ಸೀರೆಗೆ ಒರೆಸಿಕೊಂಡಳು. ಒಣಮೀನು ಹಿಡಿದ ಕೈ. ಮೀನಿನ ಗಬ್ಬು ಮೂಗಿಗೇ ತಾಗಿದರೂ ಯಶ್ಮಿತಾಗೆ ಓಕರಿಕೆ ಬರಲಿಲ್ಲ.

“ಎಂತ ಆಯ್ತು ಮಗಾ?”

ಅಷ್ಟೇ ಕೇಳಿದ್ದು. ಇಷ್ಟು ತಿಂಗಳಲ್ಲಿ ಯಾರೂ ಕೇಳದಿದ್ದದ್ದು. ಯಶ್ಮಿತಾ ಮೊದಲು ಏನೂ ಇಲ್ಲ ಎಂದಳು, ಆಮೇಲೆ ಸಾಸಿವೆಯಿಂದ ಶುರುಮಾಡಿದಳು, ಅಲ್ಲಿಂದ ಕೊಳವೆಗೆ ಹೋದಳು, ಕೊಳವೆಯಿಂದ ಟಿವಿಯ ಚಿತೆಗೆ, ತಾನು ಬೇಕೆಂದೇ ಅದನ್ನು ನೋಡಿ ಮಗುವನ್ನು ಹೆದರಿಸಿದ್ದಕ್ಕೆ, ಗಂಡ ಮೂಸಿದ ಬಾಯಿಗೆ. ಹಿಂದುಮುಂದಿಲ್ಲದೆ ಬರುತ್ತಿತ್ತು. ತಾಯಿ ನಡುವೆ ಬಾಯಿ ಹಾಕಲಿಲ್ಲ. ಮೀನಿನ ಬುಟ್ಟಿಗೆ ಬೆಕ್ಕು ಬಂತು, ಅದನ್ನೂ ಓಡಿಸಲಿಲ್ಲ.

ಯಶ್ಮಿತಾಳ ಮಡಿಲಿನಲ್ಲಿದ್ದ ಫೋನು ಬಡಿದುಕೊಂಡಿತು. ಮಗಳು ನಿಲ್ಲಿಸದೆ ಹೇಳುತ್ತಿದ್ದುದರಿಂದ ತಾಯಿಯೇ ಎತ್ತಿದಳು. ಆಚೆಯಿಂದ ಮೆರ್ಲಿನ್.

“ಮೇಡಂ, ನಾಳೆ ಬೆಳಿಗ್ಗೆ ಬರ್ತೇನೆ. ಹಲ್ಲುಜ್ಜುವ ಮೊದಲು ಒಂದು ಸ್ಯಾಂಪಲ್ ಕೊಡ್ಬೇಕು, ನನ್ನ ಎದುರಿನಲ್ಲೇ. ಸ್ಟ್ರೆಸ್ ಎಷ್ಟುಂಟು ಅಂತ ನೋಡ್ಲಿಕ್ಕೆ.”

ತಾಯಿಗೆ ಅದು ಯಾರೆಂದೂ ಪೂರ್ತಿ ತಿಳಿಯಲಿಲ್ಲ. ಮಗಳ ಬೆನ್ನು ಸವರುತ್ತಿದ್ದ ಕೈ ತೆಗೆಯದೆ, ಫೋನನ್ನು ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡು ಹೇಳಿದಳು.

“ಅವಳಿಗೆ ಈಗ ಪುರುಸೊತ್ತಿಲ್ಲಮ್ಮ. ಮಾತಾಡ್ತಾ ಇದ್ದಾಳೆ.”